ನಾಯಿಯ ಸಣ್ಣ ಗಾಯ, ದೊಡ್ಡ ಅಪಾಯ

ಓಲ್ಡ್ ರಾಜಿಂದರ್ ನಗರದಲ್ಲಿ ದುಡಿಯುವ ನಮ್ಮವರಿಗೆ ಬೀದಿನಾಯಿಗಳ ನಂಟು ಹೊಸದಲ್ಲ. ಹೋಟೆಲು ಮುಚ್ಚುವಾಗ ಉಳಿದ ಅನ್ನ ಅವುಗಳ ಪಾಲು. ಅನ್ನವಿಟ್ಟವರಿಗೆ ಅವುಗಳ ಗಾಯದ ಕಡೆಗೂ ಕಣ್ಣಿರಬೇಕೆಂದು ನಾವು ಬಗೆಯುತ್ತೇವೆ.

ಸ್ಟ್ರೆಪ್ಟೊಕಾಕಸ್ ಕೇನಿಸ್ ಎಂಬ ಸೂಕ್ಷ್ಮಾಣು ಆರೋಗ್ಯವಂತ ನಾಯಿಯ ಚರ್ಮದಲ್ಲಿಯೂ ಗಂಟಲಲ್ಲಿಯೂ ನಿರುಪದ್ರವಿಯಾಗಿ ವಾಸಿಸುತ್ತದೆ. ಅದೇ ಜೀವಿ ಗಾಯದೊಳಹೊಕ್ಕರೆ, ಅಪರೂಪವಾಗಿಯಾದರೂ, ಚರ್ಮದಡಿಯ ಪದರವನ್ನು ಕೊಳೆಯಿಸಿ, ರಕ್ತದೊತ್ತಡವನ್ನು ಕುಗ್ಗಿಸಿ, ಒಂದೆರಡು ದಿನಗಳಲ್ಲಿಯೇ ಪ್ರಾಣಕ್ಕೆ ಎರವಾಗಬಲ್ಲುದು. 1990ರ ದಶಕದಲ್ಲಿ ಕೆನಡಾದ ಒಂಟಾರಿಯೋದಿಂದ ಇಂಥ ಪ್ರಕರಣಗಳು ವರದಿಯಾದವು.

ಗಾಯ ಚಿಕ್ಕದು, ನೋವು ವಿಪರೀತ, ಮೈಯೆಲ್ಲ ಜ್ವರ: ಇದು ಕಂಡೊಡನೆ ಪಶುವೈದ್ಯರನ್ನು ಕಾಣಬೇಕು. ಅಂಗಡಿಯಿಂದ ತಂದ ಎನ್ರೋಫ್ಲಾಕ್ಸಸಿನ್ ಗುಳಿಗೆ ನುಂಗಿಸಿ ಕಾಯುವುದು ಸಲ್ಲದು; ಅದು ಈ ಸೂಕ್ಷ್ಮಾಣುವಿನ ವಿಷವನ್ನು ಕೆರಳಿಸಬಹುದೆಂದು ಪ್ರಯೋಗಾಲಯದ ಪರೀಕ್ಷೆಗಳು ಸೂಚಿಸಿವೆ. ಕೊಳೆತ ಭಾಗವನ್ನು ವೈದ್ಯರು ಕೊಯ್ದು ತೆಗೆಯುತ್ತಾರೆ. ಹಳೆಯ ಪೆನಿಸಿಲಿನ್ನೇ ಇದಕ್ಕೆ ಇಂದಿಗೂ ನಾಟುವ ಮದ್ದು.