ಜನವರಿ 26ರ ಮೂಲಾರ್ಥ

2025ರಲ್ಲಿ ಜನವರಿ 26 ರವಿವಾರ ಬಂದಿತ್ತು. ಆ ವರ್ಷದ ರಜೆಗಳ ಪಟ್ಟಿಯನ್ನು ನೋಡಿದೊಡನೆ 'ಒಂದು ರಜೆ ಹೋಯಿತು' ಎಂದು ನಮ್ಮ ಕಚೇರಿಯಲ್ಲಿ ಅನೇಕರು ಹಳಹಳಿಸಿದರು. ಅವರಲ್ಲಿ ಪ್ರಕೃತ ಲೇಖಕನೂ ಒಬ್ಬನೆಂದು ಒಪ್ಪಿಕೊಳ್ಳಬೇಕು. ಈ ದಿನವನ್ನು ಮೊದಲ ಸಲ ಆಚರಿಸಿದ 1930ರಲ್ಲಿಯೂ ಅದು ರವಿವಾರವೇ ಆಗಿತ್ತೆಂಬುದು ಆಮೇಲೆ ನೆನಪಾಯಿತು.

ಸಂವಿಧಾನವು ಜಾರಿಗೆ ಬಂದ ದಿನವಾದುದರಿಂದ ಇದು ರಾಷ್ಟ್ರೀಯ ಹಬ್ಬವೆಂದು ಶಾಲೆಯ ಮಕ್ಕಳೂ ಬಲ್ಲರು. ವಸ್ತುತಃ ಕ್ರಮವು ಇದಕ್ಕೆ ವಿಪರೀತವಾದುದು. ಸಂವಿಧಾನ ಸಭೆಯು ತನ್ನ ಕೃತಿಯನ್ನು ಅಂಗೀಕರಿಸಿದ್ದು 1949ರ ನವೆಂಬರ್ 26ರಂದು. ಪೌರತ್ವವೇ ಮೊದಲಾದ ಕೆಲವು ವಿಧಿಗಳು ಅಂದೇ ಜಾರಿಗೆ ಬಂದುವು. ಉಳಿದವನ್ನು ಎರಡು ತಿಂಗಳು ತಡೆದು ಜನವರಿ 26ಕ್ಕೆ ಇಟ್ಟುಕೊಂಡುದು ಆ ದಿನಕ್ಕೆ ಮೊದಲೇ ಇದ್ದ ಮಹತ್ವದಿಂದ. 1929ರ ಡಿಸೆಂಬರಿನಲ್ಲಿ ಜವಾಹರಲಾಲ ನೆಹರೂ ಅವರ ಅಧ್ಯಕ್ಷತೆಯಲ್ಲಿ ಲಾಹೋರಿನಲ್ಲಿ ಸೇರಿದ ಕಾಂಗ್ರೆಸ್ಸು ಪೂರ್ಣ ಸ್ವರಾಜ್ಯವೇ ತನ್ನ ಗುರಿಯೆಂದು ಸಾರಿತು. ಅದನ್ನು ಜನರ ಬಾಯಿಂದಲೇ ಹೇಳಿಸಲು ಜನವರಿಯ ಕೊನೆಯ ರವಿವಾರವು ಗೊತ್ತಾಯಿತು. ಅಂದಿನಿಂದ 1947ರ ಜನವರಿಯವರೆಗೆ ನಮ್ಮ 'ಸ್ವಾತಂತ್ರ್ಯ ದಿನ' ಇದೇ ಆಗಿತ್ತು.

ಆಚರಣೆಯಾದರೂ ಹೇಗೆ? ಭಾಷಣಗಳು ಬೇಡವೆಂಬುದು ಗಾಂಧೀಜಿಯವರ ಅಭಿಮತ. ಡಂಗುರ ಸಾರಿ ಜನರನ್ನು ಕೂಡಿಸುವುದು. ಪ್ರತಿಜ್ಞೆಯನ್ನು ಅವರವರ ಭಾಷೆಯಲ್ಲಿ ಓದುವುದು. ಜನರು ಕೈಯೆತ್ತಿ ಸಮ್ಮತಿ ಸೂಚಿಸುವುದು. ದಿನದ ಉಳಿದ ಹೊತ್ತನ್ನು ನೂಲುವುದರಲ್ಲಿ, ಅಸ್ಪೃಶ್ಯರ ಸೇವೆಯಲ್ಲಿ, ಹಿಂದೂ-ಮುಸಲ್ಮಾನರ ಐಕ್ಯದಲ್ಲಿ, ಪಾನನಿರೋಧದಲ್ಲಿ ಕಳೆಯಬೇಕೆಂದು ಅವರು ಬಯಸಿದ್ದರು. ಅದು ಹಬ್ಬವಾಗಿರಲಿಲ್ಲ, ಕೆಲಸದ ದಿನವಾಗಿತ್ತು.

ಆ ಪ್ರತಿಜ್ಞೆಯನ್ನು ಬ್ಯಾಂಕಿನ ಕೆಲಸ ಮಾಡುವವನೊಬ್ಬನು ಓದಿದರೆ ಅವನಿಗೆ ಮೊದಲು ಕಾಣುವುದು ಲೆಕ್ಕ. ಭಾರತೀಯನ ಸರಾಸರಿ ಆದಾಯವು ದಿನಕ್ಕೆ ಏಳು ಪೈಸೆ, ಅಂದರೆ ಎರಡು ಪೆನ್ನಿಗಿಂತ ಕಡಿಮೆ, ಎಂದು ಅದು ಹೇಳುತ್ತದೆ. ರೂಪಾಯಿಗೆ 64 ಪೈಸೆಗಳಿದ್ದ ಕಾಲವದು; 1927ರ ಕಾಯಿದೆಯ ಪ್ರಕಾರ ರೂಪಾಯಿಯ ಬೆಲೆ 18 ಪೆನ್ನಿ. ಗುಣಿಸಿ ನೋಡಿದರೆ ಏಳು ಪೈಸೆಗೆ ಎರಡು ಪೆನ್ನಿ ತುಂಬುವುದಿಲ್ಲ, ಲೆಕ್ಕ ಸರಿಯಾಗಿದೆ. ತೆರಿಗೆಯಲ್ಲಿ ಶೇಕಡಾ 20 ರೈತನ ಭೂಕಂದಾಯದಿಂದ, 3 ಉಪ್ಪಿನಿಂದ ಬರುತ್ತದೆಂದೂ, ನೂಲುವ ಉದ್ಯೋಗ ಹಾಳಾಗಿ ರೈತನು ವರ್ಷಕ್ಕೆ ನಾಲ್ಕು ತಿಂಗಳಾದರೂ ಕೆಲಸವಿಲ್ಲದೆ ಕೂಡುತ್ತಾನೆಂದೂ ಅದರಲ್ಲಿದೆ. ವಿನಿಮಯದ ದರವನ್ನು ಸರಕಾರವು ಮನಬಂದಂತೆ ತಿರುಚಿದೆ ಎಂಬ ಆರೋಪವೂ ಉಂಟು. ಊರ ಚಾವಡಿಯ ಮುಂದೆ ನಿಂತ ಒಕ್ಕಲಿಗನಿಗೆ ವಿನಿಮಯದ ದರವೇಕೆ ಎಂದು ವಾಚಕರು ಕೇಳಬಹುದು. ಪರದೇಶಕ್ಕೆ ಹೋದ ಹತ್ತಿಗೆ ಒಂದು ಪೌಂಡು, ಎಂದರೆ 240 ಪೆನ್ನಿ, ಬಂತೆನ್ನೋಣ. ರೂಪಾಯಿಗೆ 16 ಪೆನ್ನಿಯಿದ್ದರೆ ಅದಕ್ಕೆ 15 ರೂಪಾಯಿ ಆಗುತ್ತಿತ್ತು. 18 ಪೆನ್ನಿಯಾದಾಗ 13 ರೂಪಾಯಿ 5 ಆಣೆ 4 ಪೈ ಮಾತ್ರ. ಹುಬ್ಬಳ್ಳಿ ಗದಗುಗಳ ಪೇಟೆಗೆ ಬಂಡಿ ಹೊಡೆದುಕೊಂಡು ಬಂದ ರೈತನಿಗೆ ಈ ವ್ಯತ್ಯಾಸವು ತಿಳಿಯದ ವಿಷಯವಲ್ಲ. ಉಪ್ಪಿನ ಮಾತಂತೂ ಮೂರು ತಿಂಗಳು ತುಂಬುವುದರೊಳಗೆ ದಾಂಡಿಯಲ್ಲಿ, ನಮ್ಮ ಅಂಕೋಲೆಯಲ್ಲಿ ಕೃತಿಗಿಳಿಯಿತು.

1947ರಲ್ಲಿ 'ಸ್ವಾತಂತ್ರ್ಯ ದಿನ'ವೆಂಬ ಹೆಸರು ಅಗಸ್ಟ್ 15ಕ್ಕೆ ಹೋಯಿತು. ಆ ದಿನಾಂಕವನ್ನು ಆರಿಸಿದವರು ಮೌಂಟ್‌ಬ್ಯಾಟನ್ನರು. ಜಪಾನು ಶರಣಾದ ದಿನವೆಂಬುದು ಅವರ ಮನಸ್ಸಿನಲ್ಲಿತ್ತು. ಹೆಸರು ಹೋದರೂ ಜನವರಿ 26ರ ಹಳೆಯ ಅರ್ಥ ಕೂಡಲೆ ಅಳಿಯಲಿಲ್ಲ. ಆ ದಿನ ನಾವು ವಿರೋಧಾಭಾಸದ ಬಾಳಿಗೆ ಕಾಲಿಡುತ್ತೇವೆ, ರಾಜಕೀಯದಲ್ಲಿ ಸಮಾನತೆ, ಸಾಮಾಜಿಕ ಮತ್ತು ಆರ್ಥಿಕ ಜೀವನದಲ್ಲಿ ಅಸಮಾನತೆ ಎಂದು ಡಾ. ಅಂಬೇಡಕರರು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದರು. ಗಾಂಧೀಜಿಯವರಿಗೂ ಅವರಿಗೂ ಇದ್ದ ಭಿನ್ನಾಭಿಪ್ರಾಯಗಳು ಸುವಿದಿತ. ಆದರೂ ಈ ದಿನವನ್ನು ಬಾಕಿಯ ಲೆಕ್ಕ ನೋಡುವ ದಿನವೆಂದು ಎಣಿಸಿದುದರಲ್ಲಿ ಇಬ್ಬರೂ ಒಂದೇ ಎಂದು ನನ್ನ ತಿಳುವಳಿಕೆ.

ಮುಂದೆ ಪಥಸಂಚಲನವೇ ಪ್ರಧಾನವಾಯಿತು. ಮೊದಲನೆಯದು 1950ರಲ್ಲಿ ದಿಲ್ಲಿಯ ಇರ್ವಿನ್ ಕ್ರೀಡಾಂಗಣದಲ್ಲಿ ನಡೆಯಿತು. 1955ರಿಂದ ಅದು ರಾಜಪಥಕ್ಕೆ, ಈಗಿನ ಕರ್ತವ್ಯಪಥಕ್ಕೆ, ಬಂದಿತು. ಅದನ್ನು ನಾನು ಹೀಗಳೆಯುವುದಿಲ್ಲ. ಬಾಲ್ಯದಲ್ಲಿ ಒಂಟೆಗಳ ದಳಕ್ಕಾಗಿ ದೂರದರ್ಶನದ ಮುಂದೆ ಕಾದು ಕುಳಿತವನೇ ನಾನು. ಆದರೆ ಇರುವುದನ್ನು ತೋರಿಸುವ ದಿನವೂ ಇಲ್ಲದುದನ್ನು ಎಣಿಸುವ ದಿನವೂ ಒಂದೇ ಅಲ್ಲ. ಅತ್ತ ನಮ್ಮ ಬ್ಯಾಂಕುಗಳಿಗೆ ಅಂದು ರಜೆ ದೊರೆಯುವುದು ಬ್ರಿಟಿಷರೇ ಮಾಡಿದ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ ಮೂಲಕ. ಅದರ 25ನೆಯ ಕಲಮಿನಂತೆ, ಸಾರ್ವಜನಿಕ ರಜೆಯ ದಿನ ವಾಯಿದೆ ತುಂಬುವ ಹುಂಡಿಯ ಹಣವು ಹಿಂದಿನ ಕೆಲಸದ ದಿನವೇ ಸಲ್ಲತಕ್ಕದ್ದು. ಆ ಕಾಯಿದೆಯ ದೃಷ್ಟಿಯಲ್ಲಿ ಜನವರಿ 26ಕ್ಕೆ ಇರುವ ಅರ್ಥವು ಇಷ್ಟೇ.

2015ರಿಂದ ಸಂವಿಧಾನದ ಸ್ಮರಣೆಯೂ ನವೆಂಬರ್ 26ಕ್ಕೆ ಸೇರಿದೆ. ಕಚೇರಿಗಳಲ್ಲಿ ಅಂದು ಎಲ್ಲರೂ ಎದ್ದು ನಿಂತು ಪ್ರಸ್ತಾವನೆಯನ್ನು ಓದುತ್ತಾರೆ. ಮುಂಬಯಿಯ ನಮ್ಮ ಶಾಖೆಯಲ್ಲಿ ಮರಾಠಿ, ಹಿಂದಿ, ಇಂಗ್ಲಿಷುಗಳಲ್ಲಿ ಓದಿದ್ದುಂಟು, ಒಮ್ಮೆ ಕನ್ನಡದಲ್ಲಿ ಓದುವ ಸರದಿ ನನಗೂ ಬಂದಿತ್ತು. ಭಾಷಣವಿರಲಿಲ್ಲ. ಅಂದು ರಜೆಯಿಲ್ಲವಾದುದರಿಂದ ಓದಿ ಮುಗಿಸಿ ಎಲ್ಲರೂ ತಮ್ಮ ತಮ್ಮ ಮೇಜಿಗೆ ಹಿಂದಿರುಗಿದರು.