ಮ್ಯೂಲ್‌ಬರ್ಗಿನ ಕಾಳಗ

ರಣರಂಗದಲ್ಲಿ ಜಯ ದೊರೆತೊಡನೆ ಜಗಳವೂ ತೀರಿತೆಂದು ನಾವು ಸಾಧಾರಣವಾಗಿ ಎಣಿಸುತ್ತೇವೆ. ಮತಸಂಬಂಧವಾದ ಯುದ್ಧಗಳಿಗೆ ಈ ಎಣಿಕೆಯು ಎಷ್ಟರಮಟ್ಟಿಗೆ ಸಲ್ಲುವುದೆಂಬುದನ್ನು 1547ನೆಯ ಏಪ್ರಿಲ್ 24ರಂದು ಎಲ್ಬೆ ನದಿಯ ತೀರದಲ್ಲಿ ನಡೆದ ಕಾಳಗದಿಂದ ತಿಳಿಯಬಹುದು.

ಮಾರ್ಟಿನ್ ಲೂಥರನ ಬೋಧನೆಯನ್ನು ಅಂಗೀಕರಿಸಿದ ಜರ್ಮನ್ ರಾಜರೂ ನಗರಗಳೂ 1531ರಲ್ಲಿ ಶ್ಮಾಲ್ಕಾಲ್ಡೆನ್ ಎಂಬ ಊರಿನ ಹೆಸರಿನಿಂದ ಒಂದು ಒಕ್ಕೂಟವನ್ನು ಕಟ್ಟಿಕೊಂಡಿದ್ದರು. ಸಾಮ್ರಾಜ್ಯದಲ್ಲಿ ಒಂದೇ ಮತವಿರಬೇಕೆಂಬುದು ಚಕ್ರವರ್ತಿ ಐದನೆಯ ಚಾರ್ಲ್ಸನ ಸಂಕಲ್ಪ. ಲೂಥರನು ತೀರಿಕೊಂಡ 1546ರಲ್ಲಿಯೇ ಯುದ್ಧವು ಆರಂಭವಾಯಿತು. ಆದರೆ ಪಕ್ಷಗಳು ಮತವನ್ನೇ ಅನುಸರಿಸಲಿಲ್ಲ. ಒಕ್ಕೂಟದ ಮುಖಂಡ, ಸ್ಯಾಕ್ಸನಿಯ ಎಲೆಕ್ಟರ್ ಜಾನ್ ಫ್ರೆಡರಿಕ್. ಚಕ್ರವರ್ತಿಯನ್ನು ಚುನಾಯಿಸುವ ಹಕ್ಕುಳ್ಳವರಿಗೆ ಎಲೆಕ್ಟರ್ ಎಂಬ ಬಿರುದು. ಅವನ ದಾಯಾದಿ ಮಾರಿಸನು ತಾನೂ ಪ್ರಾಟೆಸ್ಟಂಟನಾಗಿದ್ದರೂ ಆ ಪದವಿಯ ಆಸೆಯಿಂದ ಚಕ್ರವರ್ತಿಯನ್ನು ಸೇರಿದನು.

ಜಾನ್ ಫ್ರೆಡರಿಕನು ಮೈಸೆನ್ ಪಟ್ಟಣದ ಸೇತುವೆಯನ್ನು ಸುಡಿಸಿ, ನದಿಯ ಬಲದಂಡೆಯಲ್ಲಿ ಮ್ಯೂಲ್‌ಬರ್ಗಿನ ಬಳಿ ಬೀಡುಬಿಟ್ಟನು. ನಡುವೆ ನದಿಯಿರುವಾಗ ಭಯವಿಲ್ಲವೆಂದು ಅವನ ನಂಬಿಕೆ. ಬೆಳಗಿನ ದಟ್ಟವಾದ ಮಂಜಿನ ಮರೆಯಲ್ಲಿ ಚಕ್ರವರ್ತಿಯ ಸೈನ್ಯವು ಎಡದಂಡೆಗೆ ಬಂದು ನಿಂತಿತು. ಸ್ಯಾಕ್ಸನರು ತಮ್ಮ ಸೇತುವೆಯ ದೋಣಿಗಳನ್ನು ಸಾಗಿಸಲು ಯತ್ನಿಸುತ್ತಿದ್ದರು. ಆಗ ಕೆಲವರು ಸ್ಪ್ಯಾನಿಷ್ ಸೈನಿಕರು ಕತ್ತಿಗಳನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಗುಂಡಿನ ಮಳೆಯಲ್ಲಿ ಈಜಿಹೋಗಿ ಆ ದೋಣಿಗಳನ್ನು ಹಿಡಿದರು. ಕುದುರೆಗಳು ಹಾಯಬಹುದಾದ ತಾವನ್ನು ಒಬ್ಬ ರೈತನು ತೋರಿಸಿದನೆಂದೂ, ಸ್ಯಾಕ್ಸನರು ತನ್ನ ಕುದುರೆಗಳನ್ನು ಒಯ್ದಿದ್ದ ಸಿಟ್ಟೇ ಅದಕ್ಕೆ ಕಾರಣವೆಂದೂ ಹೇಳುತ್ತಾರೆ. ಕುದುರೆಪಡೆಯು ನೀರನ್ನು ಹಾಯಿತು. ಕಾಲಾಳುಗಳು ದೋಣಿಗಳ ಸೇತುವೆಯ ಮೇಲೆ ದಾಟಿದರು. ಹಿಮ್ಮೆಟ್ಟುತ್ತಿದ್ದ ಸ್ಯಾಕ್ಸನರು ಸಂಜೆಯೊಳಗೆ ಚದರಿಹೋದರು. ಮುಖಕ್ಕೆ ಗಾಯವಾಗಿದ್ದ ಎಲೆಕ್ಟರನು ಸೆರೆಸಿಕ್ಕನು.

ಜಯವು ಸಂಪೂರ್ಣವಾಗಿತ್ತು. ಮರುವರ್ಷ ಟಿಷಿಯನ್ ಎಂಬ ಪ್ರಸಿದ್ಧ ಚಿತ್ರಕಾರನು ಭರ್ಜಿ ಹಿಡಿದು ಕುದುರೆಯೇರಿದ ಚಕ್ರವರ್ತಿಯನ್ನು ಚಿತ್ರಿಸಿದನು. ಆ ಪಟವು ಮ್ಯಾಡ್ರಿಡ್ಡಿನ ಪ್ರಾಡೋ ಚಿತ್ರಶಾಲೆಯಲ್ಲಿದೆ. ಮಾರಿಸನಿಗೆ ಎಲೆಕ್ಟರ್ ಪದವಿ ದೊರೆಯಿತು. ಜಾನ್ ಫ್ರೆಡರಿಕನಿಗೆ ವಿಧಿಸಿದ್ದ ಮರಣದಂಡನೆಯು ಸೆರೆವಾಸಕ್ಕೆ ಇಳಿಯಿತು.

1548ರಲ್ಲಿ ಚಾರ್ಲ್ಸನು ಇಂಟರಿಮ್ ಎಂಬ ಶಾಸನವನ್ನು ಹೊರಡಿಸಿದನು. ಪಾದ್ರಿಗಳ ವಿವಾಹದಂಥ ಕೆಲವು ವಿಷಯಗಳನ್ನು ಬಿಟ್ಟರೆ, ಪ್ರಾಟೆಸ್ಟಂಟರು ಬಹುಮಟ್ಟಿಗೆ ಹಳೆಯ ಆಚರಣೆಗೆ ಮರಳಬೇಕೆಂದು ಅದರ ವಿಧಿ. ರಾಜ್ಯವನ್ನೂ ಪದವಿಯನ್ನೂ ಕಳೆದುಕೊಂಡಿದ್ದ ಸೆರೆಯಾಳು ಅದಕ್ಕೆ ಒಪ್ಪಲಿಲ್ಲ. ಅನೇಕ ನಗರಗಳೂ ಒಪ್ಪಲಿಲ್ಲ. ಮಾರಿಸನ ಮಾತನ್ನು ನಂಬಿ ಶರಣಾಗಿದ್ದ ಅವನ ಮಾವ, ಹೆಸ್ಸೆಯ ಫಿಲಿಪ್ಪನನ್ನು ಚಕ್ರವರ್ತಿಯು ಸೆರೆಯಲ್ಲಿಟ್ಟಿದ್ದನು. ಕಡೆಗೆ 1552ರಲ್ಲಿ ಮಾರಿಸನೇ ತಿರುಗಿಬಿದ್ದನು. ಚಕ್ರವರ್ತಿಯು ಇನ್ಸ್‌ಬ್ರುಕ್ಕಿನಿಂದ ಪಲಾಯನ ಮಾಡಬೇಕಾಯಿತು. ಆ ವರ್ಷವೇ ಜಾನ್ ಫ್ರೆಡರಿಕನಿಗೆ ಬಿಡುಗಡೆಯಾಯಿತು.

1555ರ ಆಗ್ಸ್‌ಬರ್ಗ್ ಸಂಧಿಯು ಪ್ರತಿಯೊಬ್ಬ ರಾಜನೂ ತನ್ನ ನಾಡಿಗೆ ಕ್ಯಾಥೊಲಿಕ್ ಅಥವಾ ಲೂಥರನ್ ಮತವನ್ನು ಆರಿಸಿಕೊಳ್ಳಬಹುದೆಂದಿತು. ಒಪ್ಪದ ಪ್ರಜೆಗೆ ದೊರೆತದ್ದು ನಾಡನ್ನು ಬಿಟ್ಟುಹೋಗುವ ಹಕ್ಕು ಮಾತ್ರ. ಕ್ಯಾಲ್ವಿನನ ಅನುಯಾಯಿಗಳಿಗೆ ಅದರಲ್ಲಿ ಸ್ಥಾನವೇ ಇರಲಿಲ್ಲ; 1618ರಲ್ಲಿ ಮೂವತ್ತು ವರ್ಷಗಳ ಯುದ್ಧವು ಹೊತ್ತಿಕೊಳ್ಳಲು ಈ ಕೊರತೆಯೂ ಒಂದು ಕಾರಣ.

ಚಾರ್ಲ್ಸನು ಸಿಂಹಾಸನವನ್ನು ತ್ಯಜಿಸಿ, ಸ್ಪೇನಿನ ಯೂಸ್ಟೆ ಮಠದ ಬಳಿ ನೆಲಸಿ, 1558ರಲ್ಲಿ ತೀರಿಕೊಂಡನು. ಎಲ್ಬೆಯನ್ನು ಅವನ ಸೈನ್ಯವು ಒಂದೇ ದಿನದಲ್ಲಿ ದಾಟಿತು. ಸೋತವನ ಮನಸ್ಸನ್ನು ಒಲಿಸಿಕೊಳ್ಳಲು ಹತ್ತು ವರ್ಷಗಳ ಅಧಿಕಾರವೂ ಅವನಿಗೆ ಸಾಲಲಿಲ್ಲವೆಂಬುದನ್ನು ನಾವು ನೆನಪಿನಲ್ಲಿಡಬೇಕು.