ಬೇಸಿಗೆಯಲ್ಲಿ ಎಮ್ಮೆಯ ಜೊತೆಗೆ ಮನೆಯವರನ್ನೂ ಕಾಪಾಡಿಕೊಳ್ಳಿ



ಬೇಸಿಗೆ ಬಂತೆಂದರೆ ಎಮ್ಮೆಗೆ ನೆರಳು ಮಾಡಿ, ಮೇಲಿಂದ ಮೇಲೆ ನೀರು ಕುಡಿಸಿ, ಮೈ ತೊಳೆಯಿರಿ ಎಂದು ನಾವು ಪ್ರತಿ ವರ್ಷ ಹೇಳುತ್ತೇವೆ. ನೀವೂ ಅದನ್ನು ತಪ್ಪದೆ ಪಾಲಿಸುತ್ತೀರಿ. ಈ ಸಲ ಎಮ್ಮೆಯನ್ನು ನೋಡಿಕೊಳ್ಳುವವರ ಬಗ್ಗೆ ನಾಲ್ಕು ಮಾತು ಹೇಳಬೇಕಾಗಿದೆ.

ಕಳೆದ ಬೇಸಿಗೆಯಲ್ಲಿ ಕಮಲಾಪುರ ಕಡೆಯ ಒಂದು ಹಳ್ಳಿಯಿಂದ ಎಮ್ಮೆ ಏದುಸಿರು ಬಿಡುತ್ತಿದೆ ಎಂದು ಕರೆ ಬಂತು. ನಾನು ಹೋದಾಗ ಮಧ್ಯಾಹ್ನ ಎರಡು ಗಂಟೆ. ಎಮ್ಮೆಯನ್ನು ಬೇವಿನ ಗಿಡದ ಕೆಳಗೆ ಕಟ್ಟಿ, ಹಸಿ ಗೋಣಿಚೀಲ ಹೊದಿಸಿದ್ದರು. ಅದು ಆಗಲೇ ಸುಧಾರಿಸಿಕೊಂಡಿತ್ತು. ಆದರೆ ಹಗ್ಗ ಹಿಡಿದು ನಿಂತಿದ್ದ ಆ ಮನೆಯ ತಾಯಿ ತಲೆ ತಿರುಗಿ ಕುಸಿದು ಕುಳಿತರು. ಬೆಳಗಿನಿಂದ ಹತ್ತು ಹನ್ನೆರಡು ಕೊಡ ನೀರು ಹೊತ್ತು ಎಮ್ಮೆಗೆ ಹಾಕಿದ್ದ ಅವರು ತಾವು ಕುಡಿದದ್ದು ಒಂದು ಕಪ್ಪು ಚಹಾ ಮಾತ್ರ. ಎಮ್ಮೆಗೆಂದು ಇಟ್ಟಿದ್ದ ಬಕೆಟ್ಟಿನ ನೀರಿನಿಂದಲೇ ಅವರ ಮುಖ, ಕೈಕಾಲು ತೋಯಿಸಿ, ಗಾಳಿ ಬೀಸಿ, ಉಪ್ಪು ಹಾಕಿದ ಮಜ್ಜಿಗೆ ಕುಡಿಸಿದೆವು. ಎಚ್ಚರವಾಗಿದ್ದುದರಿಂದ ಅರ್ಧ ಗಂಟೆಯಲ್ಲಿ ಚೇತರಿಸಿಕೊಂಡರು. ಆಗಲೂ ಅವರು ಕೇಳಿದ್ದು, "ನನಗೇನಾಗ್ತದ್ರಿ ಸಾಹೇಬ್ರ, ಮೊದ್ಲ ಎಮ್ಮಿ ಹ್ಯಾಂಗದ ನೋಡ್ರಿ."

ನಾನು ಪಶುವೈದ್ಯ, ಮನುಷ್ಯರ ಚಿಕಿತ್ಸೆ ನನ್ನ ಕೆಲಸವಲ್ಲ. ಆದರೂ ಪ್ರತಿಯೊಂದು ಮನೆಯವರು ತಿಳಿದಿರಬೇಕಾದ ಸಂಗತಿಗಳನ್ನು ಇಲ್ಲಿ ಬರೆದಿದ್ದೇನೆ.

ಬಿಸಿಲು ಮೈಗೆ ಏನು ಮಾಡುತ್ತದೆ?

ಎಮ್ಮೆಯ ಚರ್ಮ ಕಪ್ಪು, ಬೆವರಿನ ಗ್ರಂಥಿಗಳು ಕಡಿಮೆ. ಆದುದರಿಂದ ಕುಡಿಯುವ ನೀರಿನ ಜೊತೆಗೆ ಅದರ ಮೈಮೇಲೂ ನೀರು ಬೀಳಬೇಕು. ಮನುಷ್ಯ ಬೆವರುತ್ತಾನೆ, ಬೆವರು ಆರುವಾಗ ಮೈ ತಂಪಾಗುತ್ತದೆ. ಬೆವರಿನ ಜೊತೆ ನೀರೂ ಉಪ್ಪೂ ಹೋಗುತ್ತವೆ. ಹೋದದ್ದನ್ನು ತುಂಬಿಕೊಡದೆ ಬಿಸಿಲಲ್ಲಿ ದುಡಿದರೆ ಒಳಗಿನ ಶಾಖ ಏರಿ, ಕಡೆಗೆ ಮಿದುಳಿಗೇ ಪೆಟ್ಟು ಬೀಳುತ್ತದೆ.

ಇದು ಸಣ್ಣ ಮಾತಲ್ಲ. 2015ರ ಮೇ ತಿಂಗಳಲ್ಲಿ ನಮ್ಮ ನೆರೆಯ ತೆಲಂಗಾಣ ಮತ್ತು ಆಂಧ್ರಪ್ರದೇಶಗಳಲ್ಲಿ ಬಿಸಿಗಾಳಿಗೆ ಎರಡು ಸಾವಿರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಅವರಲ್ಲಿ ವಯಸ್ಸಾದವರು, ಬಯಲಿನಲ್ಲಿ ದುಡಿಯುವವರು ಬಹಳ. ನಮ್ಮ ಕಲಬುರಗಿಯಲ್ಲಿಯೂ ಏಪ್ರಿಲ್–ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. 2025ರಲ್ಲಿ ಈ ಎರಡು ತಿಂಗಳು ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಎಂದು ಬದಲಿಸಲಾಗಿತ್ತು. ನೆರಳಿನಲ್ಲಿ ಕುಳಿತು ಕೆಲಸ ಮಾಡುವವರ ವೇಳೆಯೇ ಬದಲಾಗುವುದಾದರೆ, ಹೊಲದಲ್ಲಿ, ಕೊಟ್ಟಿಗೆಯಲ್ಲಿ ದುಡಿಯುವವರ ವೇಳೆ ಬದಲಾಗಬೇಡವೇ?

ಅನುಸರಿಸಬೇಕಾದ ಕ್ರಮಗಳು

1. ವೇಳೆ: ಮೇವು ತರುವುದು, ಸಗಣಿ ಬಳಿಯುವುದು, ನೀರು ಹೊರುವುದು ಬೆಳಿಗ್ಗೆ ಹತ್ತರೊಳಗೆ ಮುಗಿಯಲಿ; ಉಳಿದದ್ದು ಸಂಜೆ ನಾಲ್ಕರ ನಂತರ. ದನಗಳ ಮಧ್ಯಾಹ್ನದ ನೀರನ್ನು ಹಿಂದಿನ ರಾತ್ರಿಯೇ ತುಂಬಿಡಿ. ಈ ಕೆಲಸ ಗಂಡಸರು ಮಾಡಿದರೆ ಮನೆಯ ಹೆಣ್ಣುಮಕ್ಕಳ ಭಾರ ಅರ್ಧ ಇಳಿಯುತ್ತದೆ. ಕಲಬುರಗಿ ಪೇಟೆಯ ಕೆಲಸವಿದ್ದರೆ ಬೆಳಗಿನ ಬಸ್ಸಿಗೇ ಹೋಗಿ ಬನ್ನಿ; ತಲೆಗೆ ಟವೆಲ್, ಕೈಯಲ್ಲಿ ನೀರಿನ ಬಾಟಲಿ ಇರಲಿ.

2. ನೀರು: ಬಾಯಾರಿಕೆಗೆ ಕಾಯದೆ ಆಗಾಗ ಕುಡಿಯಿರಿ. ಮೂತ್ರ ಗಾಢ ಹಳದಿಯಾದರೆ ನೀರು ಸಾಲದೆಂದು ತಿಳಿಯಿರಿ. ಹಗಲು ಬಯಲಿಗೆ ಹೋಗಲು ಮರೆಯಿಲ್ಲವೆಂದು ಎಷ್ಟೋ ಹೆಣ್ಣುಮಕ್ಕಳು ನೀರನ್ನೇ ಕುಡಿಯುವುದಿಲ್ಲ. ಮನೆಯ ಶೌಚಾಲಯದಲ್ಲಿ ಕುಳ್ಳು, ಕಟ್ಟಿಗೆ ತುಂಬಿದ್ದರೆ ಈ ವಾರವೇ ತೆರವು ಮಾಡಿ.

3. ಮನೆಗೆ ಹಾಲು: ಒಕ್ಕೂಟದ ಅಧಿಕಾರಿ ಹೀಗೆ ಹೇಳಬಹುದೇ ಎಂದು ನಿಮಗೆ ಅನ್ನಿಸಬಹುದು. ಆದರೂ ಹೇಳುತ್ತೇನೆ. ಕರೆದ ಹಾಲನ್ನೆಲ್ಲ ಸಂಘಕ್ಕೆ ಹಾಕಿ ಮನೆಯವರು ಬರೀ ಚಹಾ ಕುಡಿಯಬೇಡಿ. ಮನೆಗೆಂದು ಒಂದು ಲೀಟರ್ ತೆಗೆದಿಟ್ಟು, ಕಾಯಿಸಿ, ಹೆಪ್ಪು ಹಾಕಿ. ಉಪ್ಪು ಹಾಕಿದ ಮಜ್ಜಿಗೆ, ಜೋಳದ ಅಂಬಲಿ ಬೇಸಿಗೆಗೆ ಒಳ್ಳೆಯವು. ವಾಂತಿಭೇದಿಯಾದರೆ ಓ.ಆರ್.ಎಸ್. ಕೊಡಿ. ಪೊಟ್ಟಣ ಸಿಗದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕಲಸಿ ಕುಡಿಸಿ.

4. ವಯಸ್ಸಾದವರು: ತಗಡಿನ ಕೋಣೆಯಲ್ಲಿ ಮಧ್ಯಾಹ್ನ ಅವರನ್ನು ಮಲಗಿಸಬೇಡಿ. ಮಾಳಿಗೆಗೆ, ತಗಡಿಗೆ ಸುಣ್ಣ ಬಳಿದರೆ ಒಳಗಿನ ಕಾವು ತಗ್ಗುತ್ತದೆ. ಬಿ.ಪಿ., ಸಕ್ಕರೆ ಕಾಯಿಲೆ, ಹೃದಯದ ಮಾತ್ರೆ ತೆಗೆದುಕೊಳ್ಳುವವರು ಬೇಸಿಗೆಗೆ ಮುಂಚೆ ಒಮ್ಮೆ ವೈದ್ಯರನ್ನು ಕಾಣಲಿ. ಮಾತ್ರೆಯನ್ನು ತಾವಾಗಿಯೇ ಬಿಡಬಾರದು.

5. ಮಕ್ಕಳು: ಆರು ತಿಂಗಳೊಳಗಿನ ಕೂಸಿಗೆ ಬೇಸಿಗೆಯಲ್ಲಿಯೂ ತಾಯಿಯ ಹಾಲೇ ಸಾಕು, ಹೆಚ್ಚು ಸಲ ಕುಡಿಸಿ. ಎಮ್ಮೆ ಮೈ ತೊಳೆಯಲು ಮಕ್ಕಳನ್ನಷ್ಟೇ ಕೆರೆಗೆ, ಕೃಷಿ ಹೊಂಡಕ್ಕೆ ಕಳಿಸಬೇಡಿ. ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡದಲ್ಲಿ ಕಾಲು ಜಾರಿದರೆ ಈಜು ಬಲ್ಲವರಿಗೂ ಮೇಲೇರುವುದು ಕಷ್ಟ.

ಯಾವಾಗ ಗಾಬರಿಯಾಗಬೇಕು?

ತಲೆಸುತ್ತು, ವಾಕರಿಕೆ, ಮಾಂಸಖಂಡ ಹಿಡಿಯುವುದು, ವಿಪರೀತ ಬೆವರು ಮೊದಲ ಸೂಚನೆಗಳು. ಆಗ ಕೆಲಸ ನಿಲ್ಲಿಸಿ, ನೆರಳಿಗೆ ಬಂದು, ನೀರು, ಮಜ್ಜಿಗೆ ಕುಡಿದರೆ ಸಾಮಾನ್ಯವಾಗಿ ಸುಧಾರಿಸುತ್ತದೆ. ಸುಧಾರಿಸದಿದ್ದರೆ ವೈದ್ಯರಲ್ಲಿಗೆ ಹೋಗಬೇಕು.

ಮೈ ಕೆಂಡದಂತೆ ಸುಡುತ್ತಾ, ಮಾತು ತೊದಲಿ, ಏನೇನೋ ಬಡಬಡಿಸಿದರೆ ಅಥವಾ ಎಚ್ಚರ ತಪ್ಪಿದರೆ ಅದು ಬಿಸಿಲಿನ ಆಘಾತ. ಬೆವರು ಇದ್ದರೂ ಇರಬಹುದು, ನಿಂತಿದ್ದರೂ ನಿಂತಿರಬಹುದು. ಕೂಡಲೇ 108ಕ್ಕೆ ಕರೆ ಮಾಡಿ. ಆದರೆ ಗಾಡಿ ಬರಲಿ ಎಂದು ಸುಮ್ಮನೆ ಕೂರಬೇಡಿ. ಕಮಲಾಪುರದ ಕಡೆಯಿಂದ ಕಲಬುರಗಿ ತಲುಪುವಷ್ಟರಲ್ಲಿ ಬಹಳ ಹೊತ್ತು ಕಳೆದಿರುತ್ತದೆ. ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಮೈಗೆಲ್ಲ ನೀರು ಸುರಿದು, ಬಿಡದೆ ಗಾಳಿ ಬೀಸಿ. ಕುತ್ತಿಗೆ, ಕಂಕುಳು, ತೊಡೆಸಂದಿಗೆ ತಣ್ಣೀರಿನ ಬಟ್ಟೆ ಇಡಿ. ದಾರಿಯಲ್ಲಿಯೂ ತಂಪು ಮಾಡುತ್ತಲೇ ಇರಿ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬೇಡಿ. ಉಸಿರಿನ ದಾರಿಗೆ ಹೋಗುತ್ತದೆ. ಇದಕ್ಕೆ ಜ್ವರದ ಮಾತ್ರೆ ಕೆಲಸ ಮಾಡುವುದಿಲ್ಲ.

ಎಮ್ಮೆ ಬಿದ್ದರೆ 1962, ಮನೆಯವರು ಬಿದ್ದರೆ 108. ಈ ಎರಡೂ ಸಂಖ್ಯೆಗಳನ್ನು ಸಂಘದ ಗೋಡೆಯ ಮೇಲೆ ದೊಡ್ಡದಾಗಿ ಬರೆಸಿ. ಓದು ಬಾರದ ಸದಸ್ಯರೂ ಇರುವುದರಿಂದ, ಸಂಘದ ಕಾರ್ಯದರ್ಶಿಗಳು ಸಂಜೆ ಹಾಲು ಹಾಕಲು ಬಂದವರಿಗೆ ಈ ಲೇಖನವನ್ನು ಒಮ್ಮೆ ಓದಿ ಹೇಳಬೇಕಾಗಿ ವಿನಂತಿ.